ಮಗ್ಗದ ಕೋಣೆಯಲ್ಲಿ ಮೊಳೆತ ಜೋಳ

ಅಂಗಳ ಗುಡಿಸಿದೆ, ರೊಟ್ಟಿ ಬಡಿದೆ, ನೂಲಿಗೆ ಗಂಜಿ ಕಾಯಿಸಿದೆ. ಆಮೇಲೆ ಮಗ್ಗದ ಪಕ್ಕ ಹಾಸಿದ್ದ ಒದ್ದೆ ಗೋಣಿಚೀಲ ಎತ್ತಿದವಳೇ, "ಸವಿತಾ, ಲಗೂನ ಬಾರವ್ವ!" ಎಂದು ಕೂಗಿಬಿಟ್ಟೆ. ಜೋಳದ ಕಾಳುಗಳೆಲ್ಲ ಬಿಳೀ ಮೊಳಕೆ ಒಡೆದಿದ್ದವು!

ಸವಿತಾ ನನ್ನ ಅಣ್ಣನ ಮಗಳು. ಗದ್ವಾಲದಲ್ಲಿ ಗೆಳತಿಯೊಡನೆ ಬೀರ್ ತಯಾರಿಸುವ ಪುಟ್ಟ ಘಟಕ ಶುರು ಮಾಡಿದ್ದಾಳೆ. ನಮ್ಮ ಸೀಮೆಯ ಮಾಗನೂರಿನ ಬಿಳಿಜೋಳದಿಂದಲೇ ಬೀರ್ ಮಾಡಬೇಕೆಂಬುದು ಅವಳ ಹಟ. ಬೀರಿಗೆ ಕಾಳು ಮೊದಲು ಮೊಳಕೆ ಒಡೆಯಬೇಕಂತೆ. ಆದರೆ ಗದ್ವಾಲದ ಬಿಸಿಲಿಗೆ ನೆನೆಸಿದ ಕಾಳು ಎರಡು ಸಲ ಮೊಳೆಯದೇ ಒಣಗಿತ್ತು. ಈ ಸಲವೂ ಕೆಟ್ಟರೆ ದೂರದ ಬಾರ್ಲಿ ತರಿಸಿ ಎಲ್ಲರಂತೆ ಮಾಡುವುದೇ ಗತಿ ಎಂದಿದ್ದಳು. ನೂಲು ಹರಿಯದಿರಲೆಂದು ನಾವು ಮಗ್ಗದ ಕೋಣೆಯನ್ನು ತೇವವಾಗಿ, ತಂಪಾಗಿ ಇಡುತ್ತೇವಲ್ಲ, ಅದಕ್ಕೇ ನಾರಾಯಣಪೇಟೆಯ ನಮ್ಮ ಮನೆಗೆ ಚೀಲ ಹೊತ್ತು ಬಂದಿದ್ದಳು.

"ಸೀರಿ ನೇಯೋ ಮನ್ಯಾಗ ಬೀರ್ ಅಂಗಡಿ ಇಡ್ತೀಯೇನವ್ವ?" ಎಂದು ನಮ್ಮ ಮನೆಯವರು ಅವಳು ಬಂದಾಗಿನಿಂದ ಗೊಣಗುತ್ತಲೇ ಇದ್ದರು. ಈಗ ಮಗ್ಗದಿಂದ ಎದ್ದು ಬಂದು, ಒಂದು ಕಾಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು.

"ಮಾಮಾ, ಮೊದಲ್ನೇ ಗ್ಲಾಸ್ ನಿಮಗರೀ!" ಎಂದು ಸವಿತಾ ಚಪ್ಪಾಳೆ ತಟ್ಟಿದಳು.

"ನಾ ಕುಡಿಯಂಗಿಲ್ಲ. ಆದ್ರ ಆ ಬೀರಿಗೆ ನಮ್ಮೂರ ಹೆಸರ ಇಡಬೇಕ ನೋಡು" ಎಂದರು.

ಅಂದು ಊಟಕ್ಕೆ ರೊಟ್ಟಿ, ಪುಂಡಿಪಲ್ಲೆ. ಗೆದ್ದ ಸುಸ್ತಿಗೆ ಸವಿತಾ ಎಲ್ಲರಿಗಿಂತ ಮೊದಲು ಮಲಗಿದಳು. ಗೋಣಿಚೀಲಕ್ಕೆ ನೀರು ಚಿಮುಕಿಸಿ ಕೊನೆಗೆ ಮಲಗಿದವರು ನಮ್ಮ ಮನೆಯವರು.