ಹೊಳೆಗೆ ಬಿಟ್ಟ ಅಂಗಿ

ಕಡಬದ ಹತ್ತಿರ, ಹೊಳೆಬದಿಯ ಚಹಾದಂಗಡಿಯಲ್ಲಿ ನಾನೂ ಭಾವನೂ ಕೂತಿದ್ದೇವೆ. ಹಿಂದಿನ ತಂತಿಯ ಮೇಲೆ ಪ್ಯಾಂಟು, ಅಂಗಿ, ಸೀರೆ ಸಾಲಾಗಿ ಒಣಗುತ್ತಿವೆ.

"ದೊಡ್ಡ ಸಂಸಾರವಾ?" ಎಂದೆ.

"ನಾವಿಬ್ಬರೇ ಮಾರಾಯ್ರೆ. ಅದೆಲ್ಲ ಹೊಳೆಗೆ ಇಳಿಸಿದ ತೋಟದ ಪಂಪಿನ ಬಾಯಿಗೆ ಸಿಕ್ಕಿದ್ದು," ಎಂದರು ಅಂಗಡಿಯವರು. "ಮೇಲೆ ಸುಬ್ರಹ್ಮಣ್ಯದಲ್ಲಿ ಸ್ನಾನ ಮಾಡಿ, ಉಟ್ಟದ್ದನ್ನು ಹೊಳೆಗೆ ಬಿಡ್ತಾರೆ. ಪಾಪ ಹೋಗ್ತದಂತೆ. ಹೋಗುದು ಎಲ್ಲಿಗೆ? ಮೀನಿಗೆ ಪ್ಯಾಂಟು ಎಂತಕ್ಕೆ?"

ಬೆಳಿಗ್ಗೆಯಷ್ಟೇ ಅಲ್ಲಿ ಅಂಗಿ ಬಿಟ್ಟು ಬಂದಿದ್ದ ಭಾವ ಲೋಟದೊಳಗೇ ಮುಖ ಹುದುಗಿಸಿದರು. ನನ್ನ ಬಾಯಿ ನಿಲ್ಲಲಿಲ್ಲ, ಹೇಳಿಬಿಟ್ಟೆ.

ಅಂಗಡಿಯವರು ಸಿಟ್ಟಾಗಲಿಲ್ಲ. ಭಾವನ ಕಡೆ ತಿರುಗಿ, "ಯಾವ ಬಣ್ಣದ್ದು? ಅಡ್ರೆಸ್ ಕೊಟ್ಟು ಹೋಗಿ. ಇಲ್ಲಿಗೆ ಮುಟ್ಟಿದ ಕೂಡಲೇ ಒಗೆದು, ಇಸ್ತ್ರಿ ಹಾಕಿ, ಪಾಪ ಸಮೇತ ಕಳಿಸ್ತೇನೆ," ಎಂದರು.