ಅಮ್ಮನಿಗೆ ಯಾವಾಗ ನಿಂತಿತು?

ಹೋದ ವಾರ ಮಡಿಕೇರಿಯ ಲ್ಯಾಬೊಂದರಲ್ಲಿ ನರ್ಸ್ ತಂಗಿಯ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು ನೋಡಿ, ಆ ವಾಸನೆ ಬಂದದ್ದೇ ತಡ, ಸೂಜಿ ನನಗೇ ಚುಚ್ಚುತ್ತಾರೇನೋ ಎಂಬಂತೆ ಮುಖ ತಿರುಗಿಸಿಕೊಂಡೆ. ತಂಗಿ ನಕ್ಕಳು. ಆರು ವರ್ಷದ ಹಿಂದೆ ನನಗೆ ಮಾಡಿದ್ದೂ ಅದೇ ಪರೀಕ್ಷೆ. ಅಂಡಾಶಯದಲ್ಲಿ ಇನ್ನೆಷ್ಟು ಅಂಡ ಉಳಿದಿರಬಹುದು ಎಂದು ರಕ್ತ ನೋಡಿ ಅಂದಾಜು ಮಾಡುವುದು, ಎಎಂಎಚ್ ಅನ್ನುತ್ತಾರೆ.

ಹೇಳಿಕೊಳ್ಳಲು ನಾಚಿಕೆ, ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಹೆಣ್ಣುಮಗು ಹುಟ್ಟುವಾಗಲೇ ತನ್ನ ಅಂಡಗಳನ್ನೆಲ್ಲ ಜೊತೆಗೆ ತಂದಿರುತ್ತದೆ, ಆಮೇಲೆ ಇರುವುದು ಕರಗುತ್ತಾ ಹೋಗುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದವಳು. ಆ ಚಿತ್ರದೊಳಗೆ ನಾನೂ ಇದ್ದೇನೆ ಎಂದು ಹೊಳೆದದ್ದು ಮಾತ್ರ ಮೂವತ್ತನಾಲ್ಕರಲ್ಲಿ, ಮದುವೆಯಾಗಿ ಐದು ವರ್ಷ ಕಳೆದ ಮೇಲೆ, ಮೈಸೂರಿನ ಡಾಕ್ಟರೊಬ್ಬರ ಎದುರು ಕೂತಾಗ. ರಿಪೋರ್ಟಿನಲ್ಲಿ ಸೊನ್ನೆ ಪಾಯಿಂಟ್ ಆರು ಅಂತಿತ್ತು.

"ಫೇಲಾ ಡಾಕ್ಟ್ರೇ?" ಎಂದೆ.

"ಇದು ಮಾರ್ಕ್ಸ್ ಅಲ್ಲಮ್ಮ," ಎಂದರು ಅವರು. "ಉಳಿದಿರೋದು ಕಡಿಮೆ ಅಂತ ಹೇಳುತ್ತೆ, ಅಷ್ಟೆ. ಮಗು ಆಗುತ್ತೋ ಇಲ್ವೋ ಅಂತ ಹೇಳಲ್ಲ. ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡ ಸಿಗಬಹುದು ಅಂತ ನನಗೊಂದು ಅಂದಾಜು ಸಿಗುತ್ತೆ."

ಸರ್ವೆ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಗಂಡ ಗಂಭೀರವಾಗಿ, "ಅಂದ್ರೆ ಜಾಗದ ಅಳತೆ ಸಿಕ್ಕಿತು, ಬೆಳೆ ಬರುತ್ತೋ ಇಲ್ವೋ ಗೊತ್ತಿಲ್ಲ," ಎಂದರು. ಅಳಬೇಕೆಂದಿದ್ದವಳಿಗೆ ನಗು ಬಂತು. ಅಷ್ಟರಲ್ಲಿ ಡಾಕ್ಟರು ಇನ್ನೊಂದು ಕೇಳಿದರು. "ನಿಮ್ಮ ತಾಯಿಗೆ ಮುಟ್ಟು ಯಾವ ವಯಸ್ಸಿಗೆ ನಿಂತಿತು?"

ನನಗೆ ಗೊತ್ತಿರಲಿಲ್ಲ. ಇದಕ್ಕಿಂತ ವಿಚಿತ್ರ ಉಂಟೇ ಹೇಳಿ. ಭಾಗಮಂಡಲದ ನಮ್ಮ ಮನೆಯಲ್ಲಿ ಅದೇನೂ ಗುಟ್ಟಿನ ವಿಷಯವಾಗಿರಲಿಲ್ಲ. ಅಪ್ಪ ಪೂಜೆಯವರು. ತಿಂಗಳಿಗೆ ಮೂರು ದಿನ ಅಮ್ಮ ಹಿತ್ತಿಲ ಕಡೆಯ ಸಣ್ಣ ಕೋಣೆಯಲ್ಲಿ, ಬೇರೆ ಚಾಪೆ, ಬೇರೆ ತಟ್ಟೆ, ಅಡುಗೆ ಅಜ್ಜಿಯದು. ಬಂದುಹೋಗುವವರಿಗೆಲ್ಲ ತಿಳಿಯುತ್ತಿತ್ತು. ಅದು ನಿಂತದ್ದು ಮಾತ್ರ ಮಗಳಿಗೂ ತಿಳಿದಿರಲಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಅಮ್ಮ ಆ ಕೋಣೆಯಲ್ಲೇ ಕೂತು, ಕಿಟಕಿಯಿಂದ ನನಗೆ ಕೈಬೀಸಿದ್ದು ನೆನಪಿತ್ತು. ಹಾಗಾದರೆ ಬೇಗ ನಿಂತಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ಭಾನುವಾರ ಬಸ್ಸು ಹತ್ತಿ ಹೋದೆ. ಅಮ್ಮ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು. ಕೇಳಿದೆ. ಕೈ ನಿಂತಿತು.

"ಮೂವತ್ತೊಂಬತ್ತಕ್ಕೆ," ಎಂದಳು. "ನೀನಾಗ ಎಂಟನೇ ಕ್ಲಾಸು."

"ಸುಳ್ಳು! ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೀನು ಹಿಂದಿನ ಕೋಣೆಯಲ್ಲಿದ್ದೆ."

ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದರೂ ಅಮ್ಮ ಒಮ್ಮೆ ಒಳಗಡೆ ನೋಡಿ ದನಿ ತಗ್ಗಿಸಿದಳು. "ಇದ್ದೆ ಮಾರಾಯ್ತಿ. ನಿಂತ ಮೇಲೂ ಎರಡು ವರ್ಷ ಕೂತೆ. ತಿಂಗಳು ತಿಂಗಳೂ, ಮೂರು ಮೂರು ದಿನ."

"ಯಾಕಮ್ಮ?"

"ಮೊದಲು ಹೆದರಿಕೆ. ಇಷ್ಟು ಬೇಗ ನಿಂತಿತು ಅಂದ್ರೆ ಏನಂತಾರೋ, ಏನು ಕಾಯಿಲೆಯೋ. ನಿಮ್ಮಪ್ಪನಿಗೆ ಇವತ್ತಿಗೂ ಹೇಳಿಲ್ಲ. ಆಮೇಲೆ..." ಅವಳಿಗೇ ನಗು ಬಂತು. "ಆಮೇಲೆ ಆ ಮೂರು ದಿನ ಬಿಡೋಕೆ ಮನಸ್ಸೇ ಬರಲಿಲ್ಲ. ನನಗೆ ಕೂತು ಓದೋಕೆ ಮನೆಯಲ್ಲಿ ಬೇರೆ ಜಾಗ ಎಲ್ಲಿತ್ತು?"

ಇಬ್ಬರೂ ನಕ್ಕೆವು. ನಗುತ್ತಿದ್ದವಳು ತಟ್ಟನೆ ನನ್ನ ಮುಖ ನೋಡಿದಳು. "ನಿನಗೆ ನನ್ನಿಂದಲೇ ಬಂತಾ? ನಾನು ಬಾಯಿಬಿಟ್ಟಿದ್ದರೆ ನೀನು ಮೊದಲೇ ತೋರಿಸಿಕೊಳ್ತಿದ್ದೆ, ಅಲ್ವಾ?"

ಕೆಲವು ಮನೆಗಳಲ್ಲಿ ಹಾಗೆ ಬರುವುದುಂಟು, ಬಂದೇ ಬರಬೇಕೆಂದೇನಿಲ್ಲ ಎಂದು ಟೀಚರಂತೆ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ಚಿಕಿತ್ಸೆ ಮಾಡಿಸಿದೆವು. ಮೊದಲ ಸಲ ಮೂರು ಅಂಡ ಸಿಕ್ಕವು. ಒಂದು ಭ್ರೂಣವಾಯಿತು, ನಿಲ್ಲಲಿಲ್ಲ. ಎರಡನೇ ಸಲ ಸಿಕ್ಕಿದ್ದೇ ಒಂದು, ಅದೂ ಫಲಿಸಲಿಲ್ಲ. ಅಲ್ಲಿಗೆ ಸಾಕೆಂದುಕೊಂಡೆವು. ಈಗ ನಾವಿಬ್ಬರೇ. ದುಃಖ ಹೋಗಿದೆ ಎಂದರೆ ನೀವು ನಂಬುವುದೂ ಬೇಡ. ಆದರೆ ಅದರ ಪಕ್ಕದಲ್ಲೇ ಒಂದು ಕುತೂಹಲ ಬಂದು ಕೂತಿದೆ: ಆ ಎರಡು ವರ್ಷ ಅಮ್ಮ ಅಲ್ಲಿ ಏನು ಓದುತ್ತಿದ್ದಳು, ನಾಲ್ಕನೇ ದಿನ ಅಷ್ಟು ಸಲೀಸಾಗಿ ತಲೆಗೆ ನೀರು ಹಾಕಿಕೊಂಡು ಹೇಗೆ ಹೊರಬರುತ್ತಿದ್ದಳು? ಹೋದಾಗಲೆಲ್ಲ ಕೇಳುತ್ತೇನೆ. ಚೂರುಚೂರೇ ಹೇಳುತ್ತಾಳೆ.

ಮೊನ್ನೆ ತಂಗಿಯ ರಿಪೋರ್ಟು ಬಂತು. ಅವಳಿಗಿನ್ನೂ ಮೂವತ್ತು, ಮದುವೆಯಾಗಿ ಎರಡು ವರ್ಷ. ಅವಳದು ನನ್ನದಕ್ಕಿಂತ ಎಷ್ಟೋ ವಾಸಿ. ಡಾಕ್ಟರಿಗೆ ತೋರಿಸಲು ಹೊರಟಾಗ ಅಮ್ಮ ಹಟ ಹಿಡಿದು ಜೊತೆಗೆ ಬಂದಳು. ಅವಳನ್ನು ಕರೆದುಕೊಂಡು ಬಂದ ಅಪ್ಪ ಪರದೆಯಾಚೆ ಬೆಂಚಿನಲ್ಲಿ ಕೂತರು. ಮನೆಯಲ್ಲಿ ಯಾರಿಗಾದರೂ ಬೇಗ ನಿಂತದ್ದುಂಟಾ ಎಂದು ಡಾಕ್ಟರು ಕೇಳಿದರು. ತಂಗಿ ನನ್ನ ಮುಖ ನೋಡಿದಳು.

ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಅವಳನ್ನಲ್ಲ ಡಾಕ್ಟ್ರೇ, ನನ್ನನ್ನು ಕೇಳಿ," ಎಂದು ಮೊದಲಿನಿಂದ ಹೇಳತೊಡಗಿದಳು, ಪರದೆಯಾಚೆ ಕೂತವರಿಗೂ ಕೇಳಿಸಲಿ ಎನ್ನುವಷ್ಟು ಗಟ್ಟಿಯಾಗಿ.