ಹೊಸ್ತಿಲಲ್ಲಿ ಧರಣಿ ಕೂತ ದೊಡ್ಡಪ್ಪ

ಇವತ್ತು ಹಿರೇಹಳ್ಳಿಯ ಕಾರ್ಖಾನೆಯೊಂದರ ಗೇಟಿನ ಮುಂದೆ ಹೆಣ್ಣುಮಕ್ಕಳು ಶಾಮಿಯಾನ ಹಾಕಿಕೊಂಡು ಧರಣಿ ಕೂತಿದ್ದರು. ಅವರ ಘೋಷಣೆ ಕಿವಿಗೆ ಬಿದ್ದದ್ದೇ ತಡ, ದೊಡ್ಡಪ್ಪ ಕಣ್ಮುಂದೆ ಬಂದರು.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ಕಬ್ಬಿಣದ ಅದಿರಿನ ಗಣಿಯಲ್ಲಿ ಕೂಲಿಯಾಗಿದ್ದರು. ಎಷ್ಟು ಉಜ್ಜಿ ಒಗೆದರೂ ಅವರ ಅಂಗಿಯ ಕಾಲರಿನ ಕೆಂಪು ಧೂಳು ಹೋಗುತ್ತಿರಲಿಲ್ಲ. ಗಣಿಯಲ್ಲಿ ಕುಡಿಯೋ ನೀರು, ನೆರಳು ಬೇಕು ಅಂತ ಸಂಘ ಕಟ್ಟಿ ಕೆಲಸ ಕಳೆದುಕೊಂಡರು. ಕೊನೆಗೆ ಕಾರ್ಮಿಕರೇ ಅವರನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದರು.

ಗೆದ್ದ ದಿನ ಗುಬ್ಬಿಯ ನಮ್ಮ ಮನೆ ಮುಂದೆ ತುಮಕೂರಿಗೆ ಹೊರಟ ಮೆರವಣಿಗೆಯ ಜೀಪು ಬಂತು. "ಗಂಡುಡುಗ್ರು ಹತ್ಕೊಳ್ಲಿ. ಹೆಣ್ಮಕ್ಕಳು ಬೀದೀಲಿ ಕೂಗ್ಕೊಂಡು ಹೋಗೋದು ಬ್ಯಾಡ," ಅಂದರು ಅಜ್ಜಿ. ನಾನೂ ತಂಗಿಯೂ ಹೊಸ್ತಿಲಿಗೆ ಅಡ್ಡಲಾಗಿ ಕೂತು, "ಬೇಕೇ ಬೇಕು, ಜೀಪು ಬೇಕು!" ಅಂತ ಶುರು ಮಾಡಿದೆವು.

ಹಾರಗಳಲ್ಲಿ ಮುಳುಗಿದ್ದ ದೊಡ್ಡಪ್ಪ ನಮ್ಮನ್ನು ದಾಟಿ ಹೋಗಲಿಲ್ಲ. ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ಅವ್ವಾ, ಇವರ ಬೇಡಿಕೆ ಈಡೇರೋವರ್ಗೂ ನಾನೂ ಏಳಲ್ಲ."

"ಏಳ್ಲಾ, ಜನ ಕಾಯ್ತಾವ್ರೆ!"

"ಮೊದ್ಲು ನೀನು ಮಾತುಕತೆಗೆ ಬಾ."

ಬೀದಿಗೆ ಬೀದಿಯೇ ನಗುತ್ತಿತ್ತು. ಮುಖ ಗಂಟಿಕ್ಕಿಕೊಂಡಿದ್ದ ಅಜ್ಜಿ ಕೊನೆಗೆ ಸೆರಗು ಸರಿಮಾಡಿಕೊಂಡು, "ಹಂಗಾರೆ ನಾನೂ ಬತ್ತೀನಿ. ಡ್ರೈವರ್ ಪಕ್ಕದ ಸೀಟು ನಂಗೇ," ಅಂದರು.

ತುಮಕೂರು ತಲುಪೋವರೆಗೂ ನಾವು ಗಂಟಲು ಹರಿಯುವಂತೆ ಕೂಗಿದೆವು. ಅಜ್ಜಿಯಂತೂ ಗೆದ್ದವರು ತಾವೇ ಅನ್ನೋ ಹಾಗೆ ದಾರಿಯಲ್ಲಿ ಕಂಡವರಿಗೆಲ್ಲ ಕೈಮುಗಿಯುತ್ತಾ ಬಂದರು.

ಇದನ್ನು ಟೈಪ್ ಮಾಡುತ್ತಾ ಒಬ್ಬಳೇ ನಗುತ್ತಿದ್ದೇನೆ. "ಏನಾಯ್ತಮ್ಮಾ?" ಅಂತ ಮಗಳು ಅಡುಗೆಮನೆಯಿಂದ ಕೇಳುತ್ತಿದ್ದಾಳೆ. ಬಾರೇ ಇಲ್ಲಿ, ಹೇಳ್ತೀನಿ.